ಅವರ ಚುನಾವಣೆ, ನಮ್ಮ ಸಡಗರ

(ಊರಿನ ವಾಚನಾಲಯದ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಕಡಿಮೆ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2008 ರ ನವೆಂಬರ್ 6. ಬರಾಕ್ ಒಬಾಮಾ ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರಾಗಿ ಗೆದ್ದು ಎರಡು ದಿನವಾಗಿತ್ತು. ಇಟಲಿಯ ಪ್ರಧಾನಿ ಬೆರ್ಲುಸ್ಕೋನಿ ಅವತ್ತು ಮಾಸ್ಕೋದಲ್ಲಿದ್ದರು. ಅಮೆರಿಕದ ಹೊಸ ಅಧ್ಯಕ್ಷರ ಬಗ್ಗೆ ಅವರು ಹೇಳಿದ್ದು ಇಷ್ಟು: ಆತ ತರುಣ, ನೋಡಲು ಚೆನ್ನಾಗಿದ್ದಾನೆ, ಜೊತೆಗೆ ಬಿಸಿಲಲ್ಲಿ ಮೈಬಣ್ಣವನ್ನೂ ಕಾಯಿಸಿಕೊಂಡಿದ್ದಾನೆ. ಇಟಲಿಯಲ್ಲಿ ಗಲಾಟೆ ಎದ್ದಿತು. ಅವರು ಸ್ವಲ್ಪವೂ ಮುಜುಗರ ಪಡಲಿಲ್ಲ. ನಾನು ಹೊಗಳಿದ್ದು ತಾನೇ, ನಿಮಗೆ ಹಾಸ್ಯ ಅರ್ಥವಾಗುವುದಿಲ್ಲ ಎಂದರು.

ಈ ಮಾತಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಆ ವಾರ ಇಡೀ ಜಗತ್ತು ಒಬಾಮಾ ಬಗ್ಗೆ ಮಾತಾಡುತ್ತಿತ್ತು. ಕಿವಿಗೊಟ್ಟು ಕೇಳಿದರೆ ಪ್ರತಿಯೊಂದು ದೇಶವೂ ತನ್ನ ಬಗ್ಗೆಯೇ ಮಾತಾಡುತ್ತಿತ್ತು. ಬೆರ್ಲುಸ್ಕೋನಿಗೆ ಅದನ್ನು ಮುಚ್ಚಿಡುವ ಜಾಣತನ ಇರಲಿಲ್ಲ, ಅಷ್ಟೇ.

ನಾನು ಆಗ ಒಂದು ಕನ್ನಡ ಪತ್ರಿಕೆಯಲ್ಲಿ ವಿದೇಶ ಸುದ್ದಿ ನೋಡಿಕೊಳ್ಳುತ್ತಿದ್ದೆ. ಅಮೆರಿಕದ ಚುನಾವಣೆ ನಮ್ಮಂಥವರಿಗೆ ಸಮಯದ ಕಾಟ. ನವೆಂಬರ್ 5 ರ ಪತ್ರಿಕೆ ಅಚ್ಚಿಗೆ ಹೋಗುವಾಗ ಅಲ್ಲಿ ಇನ್ನೂ ಮಧ್ಯಾಹ್ನ, ಜನ ಸಾಲಿನಲ್ಲಿ ನಿಂತಿದ್ದಾರೆ. ಟಿ.ವಿ. ವಾಹಿನಿಗಳು ಒಬಾಮಾ ಗೆದ್ದರು ಎಂದು ಘೋಷಿಸಿದ್ದು ಅಲ್ಲಿ ರಾತ್ರಿ 11 ಗಂಟೆಗೆ. ನಮಗೆ ಅದು ಬೆಳಿಗ್ಗೆ ಒಂಬತ್ತೂವರೆ. ಆ ಹೊತ್ತಿಗೆ ಪತ್ರಿಕೆ ಓದಿ ಮಡಿಸಿಟ್ಟು ಜನ ಕೆಲಸಕ್ಕೆ ಹೊರಟಿರುತ್ತಾರೆ. ಹಾಗಾಗಿ ನಾವು ಬರೆಯುವುದು ಏನಿದ್ದರೂ 6 ನೇ ತಾರೀಖಿಗೆ. ಒಂದು ಇಡೀ ದಿನ ಸಿಗುತ್ತಿತ್ತು, ಜಗತ್ತು ಏನನ್ನುತ್ತಿದೆ ಎಂದು ನೋಡುತ್ತಾ ಕೂರಲು. ಇವತ್ತಿನ ಮಾತು ಹೆಚ್ಚುಕಡಿಮೆ ಆ ದಿನದ್ದು, ಆಮೇಲಿನ ವರ್ಷಗಳದ್ದು.

ಮೊದಲು ಅಲ್ಲಿ ನಿಜಕ್ಕೂ ಏನಾಯಿತು ಅನ್ನುವುದನ್ನು ನೋಡೋಣ. ಎಲೆಕ್ಟೊರಲ್ ಮತಗಳಲ್ಲಿ, ಅಂದರೆ ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಮತಗಳಲ್ಲಿ, ಡೆಮಾಕ್ರಟಿಕ್ ಪಕ್ಷದ ಒಬಾಮಾಗೆ 365, ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್‌ಗೆ 173. ಜನರ ಮತದಲ್ಲಿ ಒಬಾಮಾಗೆ ಸುಮಾರು ಶೇ. 53. ಭಾರೀ ಗೆಲುವೇ. ಆದರೆ ಹೊರಗಿನವರಿಗೆ ಇದರಿಂದ ಒಂದು ಭ್ರಮೆ ಹುಟ್ಟಿತು. ಬಿಳಿಯರ ಅಮೆರಿಕ ಮನಸ್ಸು ಬದಲಿಸಿಕೊಂಡು ಕಪ್ಪು ಮನುಷ್ಯನನ್ನು ಗೆಲ್ಲಿಸಿತು ಅನ್ನುವ ಭ್ರಮೆ. ಮತಗಟ್ಟೆ ಸಮೀಕ್ಷೆಗಳು ಹೇಳಿದ್ದು ಬೇರೆ. ಬಿಳಿಯರಲ್ಲಿ ಒಬಾಮಾಗೆ ಮತ ಹಾಕಿದವರು ಶೇ. 43, ಮೆಕೇನ್‌ಗೆ ಶೇ. 55. ಅಲಬಾಮಾ ರಾಜ್ಯದಲ್ಲಂತೂ ಬಿಳಿಯರಲ್ಲಿ ಹತ್ತಕ್ಕೆ ಒಬ್ಬರು. ಕಪ್ಪು ಜನರಲ್ಲಿ ಶೇ. 95, ಲ್ಯಾಟಿನೊ ಜನರಲ್ಲಿ ಮೂರರಲ್ಲಿ ಎರಡು ಪಾಲು, ಏಷ್ಯನ್ನರಲ್ಲಿ ಶೇ. 62. ಇವೆಲ್ಲ ಸೇರಿ ಗೆಲುವಾಯಿತು.

ಹಾಗಂತ ಬಿಳಿಯರು ಕೈಬಿಟ್ಟರು ಅನ್ನುವುದೂ ತಪ್ಪಾಗುತ್ತೆ. 1964 ರಲ್ಲಿ ಲಿಂಡನ್ ಜಾನ್ಸನ್ ಗೆದ್ದ ಮೇಲೆ ಯಾವ ಡೆಮಾಕ್ರಟಿಕ್ ಅಭ್ಯರ್ಥಿಗೂ ಬಿಳಿಯರ ಬಹುಮತ ಸಿಕ್ಕಿಲ್ಲ. 2004 ರಲ್ಲಿ ಬಿಳಿಯನೇ ಆದ ಜಾನ್ ಕೆರ್ರಿಗೆ ಸಿಕ್ಕಿದ್ದು ಶೇ. 41. ಅಂದರೆ ಒಬಾಮಾಗೆ ಅವರಿಗಿಂತ ಜಾಸ್ತಿ. ಇಲ್ಲಿ ಇನ್ನೊಂದು ಲೆಕ್ಕ ನೋಡಿ. ಜನಾಂಗ ಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಜಾನ್ಸನ್ ಸಹಿ ಹಾಕಿದ್ದೂ ಅದೇ 1964 ರಲ್ಲಿ. ಅಲ್ಲಿಂದ ಮುಂದೆ ದಕ್ಷಿಣದ ಬಿಳಿಯರು ಆ ಪಕ್ಷವನ್ನು ಬಿಟ್ಟು ಹೋಗುತ್ತಲೇ ಬಂದರು. ಒಬಾಮಾ ಗೆಲುವನ್ನು ಇದರ ಜೊತೆಗಿಟ್ಟೇ ನೋಡಬೇಕು.

ನನಗೆ ಆ ರಾತ್ರಿ ಎಲ್ಲಕ್ಕಿಂತ ದೊಡ್ಡ ಸುದ್ದಿ ಅನಿಸಿದ್ದು ವರ್ಜೀನಿಯಾ. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ರಾಜ್ಯಗಳ ರಾಜಧಾನಿ ರಿಚ್ಮಂಡ್ ಇರುವುದು ಅಲ್ಲಿ. ಕಪ್ಪು ಹೆಣ್ಣನ್ನು ಮದುವೆಯಾದ ಬಿಳಿಯ ಗಂಡನ ಮೇಲೆ, ಆ ಹೆಣ್ಣಿನ ಮೇಲೂ, ಕೇಸು ಹಾಕಿ ಶಿಕ್ಷೆ ಕೊಟ್ಟ ರಾಜ್ಯ ಅದು. ಆ ದಂಪತಿಯ ಹೆಸರೇ ಲವಿಂಗ್. ಅವರ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1967 ರಲ್ಲಿ ಅಂಥ ಕಾನೂನುಗಳೆಲ್ಲ ಬಿದ್ದುಹೋದವು. ಆಗಲೂ 16 ರಾಜ್ಯಗಳಲ್ಲಿ ಆ ನಿಷೇಧ ಜೀವಂತ ಇತ್ತು. ಒಬಾಮಾ ಅವರ ಕೀನ್ಯಾದ ಅಪ್ಪ, ಕ್ಯಾನ್ಸಸ್‌ನ ಬಿಳಿಯ ಅಮ್ಮ ಮದುವೆಯಾದದ್ದು 1961 ರಲ್ಲಿ, ಹವಾಯಿಯಲ್ಲಿ. ವರ್ಜೀನಿಯಾದಲ್ಲಿ ಆಗಿದ್ದರೆ ಅದು ಅಪರಾಧ. ಅಂಥ ಮದುವೆಯಲ್ಲಿ ಹುಟ್ಟಿದ ಮಗನಿಗೆ 2008 ರಲ್ಲಿ ಅದೇ ವರ್ಜೀನಿಯಾ ಮತ ಕೊಟ್ಟಿತು. 1964 ರ ನಂತರ ಅಲ್ಲಿ ಗೆದ್ದ ಮೊದಲ ಡೆಮಾಕ್ರಟ್ ಅವರು.

ಸೋತ ಮೆಕೇನ್ ಅವರ ಭಾಷಣವನ್ನೂ ಹೇಳಬೇಕು. ನಮ್ಮಲ್ಲಿ ಸೋತವರು ಮಾತಾಡುವ ರೀತಿ ನಿಮಗೆ ಗೊತ್ತೇ ಇದೆ. ಮೆಕೇನ್ ಅವತ್ತು ನೂರು ವರ್ಷ ಹಿಂದಿನ ಒಂದು ಊಟ ನೆನಪಿಸಿದರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1901 ರಲ್ಲಿ ಕಪ್ಪು ವಿದ್ವಾಂಸ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದರು. ಅಷ್ಟಕ್ಕೇ ದೇಶದ ಹಲವು ಕಡೆ ಜನ ಕೆಂಡವಾದರು. ಪಂಕ್ತಿಯ ಪ್ರಶ್ನೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಚುನಾವಣೆಗೆ ಮೂರ್ನಾಲ್ಕು ವಾರ ಮುಂಚೆ ಮಿನೆಸೋಟದ ಒಂದು ಸಭೆಯಲ್ಲಿ ಒಬ್ಬ ಮಹಿಳೆ, ಒಬಾಮಾ ಅರಬ್ ಎಂದಾಗ ಮೆಕೇನ್ ಮೈಕ್ ತೆಗೆದುಕೊಂಡರು. ಇಲ್ಲಮ್ಮ, ಅವರು ಸಭ್ಯ ಸಂಸಾರಸ್ಥ, ನನಗೂ ಅವರಿಗೂ ಭಿನ್ನಾಭಿಪ್ರಾಯ ಇದೆ ಅಷ್ಟೇ ಎಂದರು. ಜಗತ್ತು ಇದನ್ನು ಮೆಚ್ಚಿಕೊಂಡಿತು. ಆದರೆ ಅರಬ್ ಆಗಿದ್ದರೆ ಸಭ್ಯ ಅಲ್ಲವೇ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಕೊಟ್ಟದ್ದು ಮೆಕೇನ್ ಪಕ್ಷದವರೇ ಆದ ಕಾಲಿನ್ ಪವೆಲ್. ಒಬಾಮಾ ಮುಸ್ಲಿಮರಲ್ಲ, ಆದರೆ ಆಗಿದ್ದರೆ ಏನೀಗ, ಈ ದೇಶದಲ್ಲಿ ಮುಸ್ಲಿಮರಾಗುವುದು ತಪ್ಪೇ ಎಂದು ಟಿ.ವಿ.ಯಲ್ಲಿ ಕೇಳಿದರು. ಆ ಚುನಾವಣೆಯಲ್ಲಿ ನಾನು ಕೇಳಿದ ಅತಿ ಧೈರ್ಯದ ಮಾತು ಅದು. ಒಬಾಮಾ ಬಾಯಲ್ಲಿ ಅದು ಬಂದಿದ್ದರೆ ಮತ ಕಡಿಮೆ ಆಗುತ್ತಿತ್ತು.

ಈಗ ಹೊರಗಿನ ಜಗತ್ತು. ಸುಮ್ನೆ ಒಂದು ಸುತ್ತು ಹಾಕಿ ಬರೋಣ.

ಜಪಾನಿನಲ್ಲಿ ಒಬಾಮಾ ಅಂತಲೇ ಒಂದು ಊರಿದೆ, ಫುಕುಯಿ ಪ್ರಾಂತ್ಯದಲ್ಲಿ. ಅಲ್ಲಿಯ ಜನ ಹವಾಯಿಯ ಹುಲಾ ಕುಣಿತ ಕುಣಿದು ಸಂಭ್ರಮಿಸಿದರು. ಇಂಡೊನೇಷ್ಯಾದಲ್ಲಿ ಒಬಾಮಾ ಚಿಕ್ಕವರಿದ್ದಾಗ ಓದಿದ ಶಾಲೆಯ ಮಕ್ಕಳು ಕುಣಿದರು. ಬರ್ಲಿನ್‌ನಲ್ಲಿ ಜುಲೈ ತಿಂಗಳಲ್ಲೇ ಎರಡು ಲಕ್ಷ ಜನ ಅವರ ಮಾತು ಕೇಳಲು ಸೇರಿದ್ದರು. ನೆಲ್ಸನ್ ಮಂಡೇಲಾ ಪತ್ರ ಬರೆದರು.

ಕೀನ್ಯಾದ ಕತೆ ಹೀಗೆ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಅಧ್ಯಕ್ಷ ಕಿಬಾಕಿ ನವೆಂಬರ್ 6 ನ್ನು ಸರ್ಕಾರಿ ರಜೆ ಎಂದು ಸಾರಿದರು. ಒಬಾಮಾ ಅಪ್ಪನ ಊರು ಕೊಗೆಲೊದಲ್ಲಿ ಅಜ್ಜಿ ಸಾರಾ ಅವರ ಅಂಗಳದ ತುಂಬ ಕುಣಿತ. ಜಗತ್ತಿನ ಕ್ಯಾಮೆರಾಗಳೆಲ್ಲ ಅಲ್ಲಿ. ಆದರೆ ಅದೇ ವರ್ಷದ ಜನವರಿಯಲ್ಲಿ ಅದೇ ಕೀನ್ಯಾ ಹತ್ತಿ ಉರಿಯುತ್ತಿತ್ತು. 2007 ರ ಡಿಸೆಂಬರ್ ಕೊನೆಯಲ್ಲಿ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಕಿಕುಯು ಜನಾಂಗದ ಕಿಬಾಕಿ ಗೆದ್ದರೆಂದು ಘೋಷಿಸಲಾಯಿತು. ಲುವೊ ಜನಾಂಗದ ರೈಲಾ ಒಡಿಂಗಾ ಕಡೆಯವರು ಮೋಸ ಎಂದರು. ಎರಡು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಬಿಟ್ಟು ಓಡಿದರು. ಬರಾಕ್ ಒಬಾಮಾ ಅವರ ಅಪ್ಪ ಲುವೊ. ಹಾಗಾಗಿ ಆಗ ಕೀನ್ಯಾದಲ್ಲಿ ಒಂದು ಜೋಕ್ ಓಡಾಡುತ್ತಿತ್ತು: ಕೀನ್ಯಾಕ್ಕಿಂತ ಮೊದಲು ಅಮೆರಿಕಕ್ಕೇ ಲುವೊ ಅಧ್ಯಕ್ಷ ಬರುತ್ತಾನೆ.

ಜೋಕ್ ನಿಜವಾಯಿತು. ಒಡಿಂಗಾ ಒಟ್ಟು ಐದು ಸಲ ಸ್ಪರ್ಧಿಸಿದರು, ಐದೂ ಸಲ ಸೋತರು. 2025 ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡದ್ದು ನಮ್ಮ ಪಕ್ಕದ ಕೇರಳದಲ್ಲಿ, ಆಯುರ್ವೇದ ಚಿಕಿತ್ಸೆಗೆ ಬಂದಿದ್ದಾಗ. ನಾನು ಕೀನ್ಯಾವನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ದೂರದ ದೇಶದಲ್ಲಿ ನಮ್ಮವನು ಗೆದ್ದಾಗ ಕುಣಿಯುವುದು ಸುಲಭ. ಯಾಕಂದರೆ ಅದಕ್ಕೆ ನಾವು ಏನೂ ಕೊಡಬೇಕಾಗಿಲ್ಲ. ಕಿಕುಯು ಮನುಷ್ಯ ಲುವೊ ಅಭ್ಯರ್ಥಿಗೆ ಮತ ಹಾಕುವುದಿದೆಯಲ್ಲ, ಅದು ಕಷ್ಟ.

ಯುರೋಪಿನಲ್ಲಿ ಕೆಲವರು ಈ ಕಷ್ಟದ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಬ್ರಿಟನ್ನಿನಲ್ಲಿ ಸಮಾನತೆ ಆಯೋಗದ ಮುಖ್ಯಸ್ಥರಾಗಿದ್ದ ಟ್ರೆವರ್ ಫಿಲಿಪ್ಸ್, ಒಬಾಮಾರಂಥವರು ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಪಕ್ಷಗಳ ಒಳಗಿನ ವ್ಯವಸ್ಥೆಯೇ ಅವರನ್ನು ಮೇಲೆ ಬರಲು ಬಿಡುತ್ತಿರಲಿಲ್ಲ ಎಂದರು. ಜರ್ಮನಿಯಲ್ಲಿ ಅದೇ ತಿಂಗಳು ಗ್ರೀನ್ ಪಕ್ಷ ತುರ್ಕಿ ಮೂಲದ ಜೆಮ್ ಓಜ್ಡೆಮೀರ್ ಅವರನ್ನು ತನ್ನ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರಾಗಿ ಆರಿಸಿತು. ಫ್ರಾನ್ಸ್‌ನದು ಇನ್ನೂ ವಿಚಿತ್ರ. ಅಲ್ಲಿ ಸರ್ಕಾರ ಜನಗಣತಿಯಲ್ಲಿ ಜನಾಂಗದ ಲೆಕ್ಕವನ್ನೇ ಇಡುವುದಿಲ್ಲ. ಎಲ್ಲರೂ ಫ್ರೆಂಚರು, ಮುಗೀತು. ಲೆಕ್ಕ ಇಲ್ಲದ ಮೇಲೆ ತಾರತಮ್ಯವನ್ನು ತೋರಿಸುವುದು ಹೇಗೆ? ಜಾತಿ ಸಮೀಕ್ಷೆ ಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿದ ಕರ್ನಾಟಕದವರಿಗೆ ಈ ಪ್ರಶ್ನೆ ಹೊಸದಲ್ಲ.

ಇನ್ನು ಭಾರತ. ಇಲ್ಲಿ ನಿಮಗೆ ಒಂದು ಆಶ್ಚರ್ಯ ಇದೆ. 2008 ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ 22 ದೇಶಗಳಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. 22 ರಲ್ಲೂ ಒಬಾಮಾಗೇ ಹೆಚ್ಚು ಒಲವು. ಮೆಕೇನ್‌ಗಿಂತ ಒಬಾಮಾ ಎಷ್ಟು ಮುಂದೆ ಎಂದು ನೋಡಿದರೆ ಎಲ್ಲಕ್ಕಿಂತ ಹೆಚ್ಚು ಅಂತರ ಕೀನ್ಯಾದಲ್ಲಿ, ಶೇ. 82. ಎಲ್ಲಕ್ಕಿಂತ ಕಡಿಮೆ ಭಾರತದಲ್ಲಿ, ಶೇ. 9. ಗಾಂಧಿಯ ದೇಶ ನೋಡಿ!

ಯಾಕೆ ಹೀಗೆ? ನಮ್ಮ ದೊಡ್ಡವರ ಮನಸ್ಸು ಆಗ ಬುಷ್ ಕಡೆ ಇತ್ತು. ಅಣು ಒಪ್ಪಂದ ಆಗಿದ್ದು ಅವರಿಂದ. ಆ ಸೆಪ್ಟೆಂಬರ್‌ನಲ್ಲೇ ಮನಮೋಹನ್ ಸಿಂಗ್ ಶ್ವೇತಭವನದಲ್ಲಿ ಬುಷ್ ಅವರಿಗೆ, ಭಾರತದ ಜನ ನಿಮ್ಮನ್ನು ಆಳವಾಗಿ ಪ್ರೀತಿಸುತ್ತಾರೆ ಎಂದು ಹೇಳಿ ಬಂದಿದ್ದರು. ಜಗತ್ತಿನಲ್ಲಿ ಬೇರೆ ಯಾರೂ ಬುಷ್‌ಗೆ ಹಾಗೆ ಹೇಳುವ ಕಾಲ ಅದಾಗಿರಲಿಲ್ಲ. ಬೆಂಗಳೂರಿನ ಚಿಂತೆ ಇನ್ನೊಂದು. ಅಮೆರಿಕದ ದೊಡ್ಡ ಹಣಕಾಸು ಸಂಸ್ಥೆ ಲೀಮನ್ ಬ್ಯಾಂಕ್ ಮುಳುಗಿ ತಿಂಗಳೂವರೆ ಆಗಿತ್ತು. ಡೆಮಾಕ್ರಟ್ ಬಂದರೆ ಹೊರಗುತ್ತಿಗೆ ನಿಲ್ಲಿಸುತ್ತಾನೆ, ವೀಸಾ ಕಡಿಮೆ ಮಾಡುತ್ತಾನೆ ಎಂಬ ಭಯ. ಆ ಭಯ ಪೂರ್ತಿ ಸುಳ್ಳಲ್ಲ. 2009 ರ ಮೇ ತಿಂಗಳಲ್ಲಿ ಒಬಾಮಾ ತೆರಿಗೆ ಬಗ್ಗೆ ಮಾತಾಡುತ್ತಾ ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ ಕೆಲಸ ಸೃಷ್ಟಿಸಿದವನಿಗಿಂತ ಭಾರತದ ಬೆಂಗಳೂರಿನಲ್ಲಿ ಸೃಷ್ಟಿಸಿದವನಿಗೆ ಕಡಿಮೆ ತೆರಿಗೆ ಬೀಳುವ ಕಾನೂನು ನಮ್ಮದು ಎಂದರು. ನಮ್ಮ ಊರಿನ ಹೆಸರು ಅಮೆರಿಕದ ಅಧ್ಯಕ್ಷರ ಬಾಯಲ್ಲಿ ಬಂದದ್ದು ಹೀಗೆ. ಆಮೇಲೆ ಬೆಂಗಳೂರಿನಲ್ಲಿ ಒಬಾಮಾ ಅಂದರೆ ಮೊದಲು ನೆನಪಾಗುತ್ತಿದ್ದದ್ದು ಬಫಲೊ.

ಹಾಗಾದರೆ ನಮ್ಮಲ್ಲಿ ಸಡಗರ ಇರಲಿಲ್ಲವೇ? ಇತ್ತು. ಆದರೆ ಅದು ಬೇರೆ ಬಗೆಯದು. ಒಬಾಮಾ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಅದೃಷ್ಟದ ವಸ್ತುಗಳ ನಡುವೆ ಒಂದು ಪುಟ್ಟ ಹನುಮ ಇದ್ದಾನೆ ಎಂದು ಫೋಟೋ ಬಂತು. ಅದರಲ್ಲಿ ಮೇರಿ ಮತ್ತು ಬಾಲ ಯೇಸುವಿನ ಮೂರ್ತಿಯೂ ಇತ್ತು, ಜೂಜುಕೋರನೊಬ್ಬನ ಬಿಲ್ಲೆಯೂ ಇತ್ತು. ನಮ್ಮ ವಾಹಿನಿಗಳಿಗೆ ಕಂಡದ್ದು ಹನುಮ ಮಾತ್ರ. ದೆಹಲಿಯಲ್ಲಿ ಭಕ್ತರು ಅವರಿಗೆ ಕೊಡಲೆಂದು ಚಿನ್ನದ ಲೇಪದ ಹನುಮನ ವಿಗ್ರಹವನ್ನೇ ಪೂಜೆ ಮಾಡಿಸಿ ಒಪ್ಪಿಸಿದರು.

ಜೊತೆಗೆ ಒಂದು ಪ್ರಶ್ನೆ ಎಲ್ಲ ಚರ್ಚೆಗಳಲ್ಲೂ ಬಂತು: ನಮ್ಮ ಒಬಾಮಾ ಯಾರು? ಮಾಯಾವತಿ ಹೆಸರು ಬಂತು. ಅವರು 2007 ರಲ್ಲಿ ಉತ್ತರ ಪ್ರದೇಶವನ್ನು ಸ್ವಂತ ಬಲದಿಂದ ಗೆದ್ದಿದ್ದರು. ಕೆಲವರು ಕೆ.ಆರ್. ನಾರಾಯಣನ್ ಅವರನ್ನು ನೆನಪಿಸಿ, ನಮ್ಮಲ್ಲಿ 1997 ರಲ್ಲೇ ದಲಿತ ರಾಷ್ಟ್ರಪತಿ ಆಗಿದ್ದಾರಲ್ಲ ಎಂದರು. ಆ ಹೋಲಿಕೆ ಸರಿಯಲ್ಲ. ಹೆಸರು ಒಂದೇ ಇದ್ದರೂ ಎರಡು ಕುರ್ಚಿಗಳ ಅಧಿಕಾರ ಬೇರೆ. ಜಗಜೀವನ್ ರಾಮ್ ಪ್ರಧಾನಿ ಕುರ್ಚಿಯ ಹತ್ತಿರಕ್ಕೆ ಬಂದು ನಿಂತರು, ಅಷ್ಟೇ. ರಾಜ್ಯಗಳಿಗೆ ಬನ್ನಿ. ಆಂಧ್ರದಲ್ಲಿ ದಾಮೋದರಂ ಸಂಜೀವಯ್ಯ 1960 ರಲ್ಲೇ ಮುಖ್ಯಮಂತ್ರಿ ಆದರು. ಮಹಾರಾಷ್ಟ್ರದಲ್ಲಿ ಸುಶೀಲ್‌ಕುಮಾರ್ ಶಿಂದೆ 2003 ರಲ್ಲಿ ಆದರು. ಬಸವಣ್ಣನ ನಾಡು ಎಂದು ಹೇಳಿಕೊಳ್ಳುವ ಕರ್ನಾಟಕದಲ್ಲಿ? ಖರ್ಗೆಯವರ ಹೆಸರು ಎಷ್ಟು ಸಲ ಕೇಳಿಬಂದು ಹಿಂದೆ ಸರಿಯಿತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಬಾಮಾ ಗೆದ್ದ ದಿನ ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಈ ಲೆಕ್ಕ ಹಾಕಿದರು?

ಬೇಸರದ ಸಂಗತಿ ಅಂದರೆ, ಅಮೆರಿಕದ ಕಪ್ಪು ಜನರಿಗೂ ನಮ್ಮ ದಲಿತರಿಗೂ ಇದ್ದ ಹಳೆಯ ನಂಟು ಆ ದಿನ ಯಾರಿಗೂ ಹೆಚ್ಚು ನೆನಪಾಗಲಿಲ್ಲ. ಎಲ್ಲರೂ ಗಾಂಧಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅಂದರು. ಅದು ನಿಜವೇ. ಆದರೆ ಅಂಬೇಡ್ಕರ್ 1946 ರಲ್ಲಿ ಕಪ್ಪು ಚಿಂತಕ ಡುಬೊಯಿಸ್ ಅವರಿಗೆ ಪತ್ರ ಬರೆದಿದ್ದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಹಾಕಿದ್ದಾರಂತೆ, ಅದರ ಪ್ರತಿ ಬೇಕು, ಭಾರತದ ಅಸ್ಪೃಶ್ಯರೂ ಆ ದಾರಿ ಯೋಚಿಸುತ್ತಿದ್ದಾರೆ ಎಂದು. ಡುಬೊಯಿಸ್ ಉತ್ತರವನ್ನೂ ಕೊಟ್ಟರು. 1972 ರಲ್ಲಿ ಮುಂಬೈಯ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ.

ಕಿಂಗ್ ಅವರದೇ ಒಂದು ಪ್ರಸಂಗ ಇದೆ. 1959 ರಲ್ಲಿ ಅವರು ಹೆಂಡತಿ ಕೊರೆಟಾ ಜೊತೆ ಒಂದು ತಿಂಗಳು ಭಾರತ ಸುತ್ತಿದರು. ಕೇರಳದಲ್ಲಿ ಒಂದು ಶಾಲೆಗೆ ಹೋದರು. ಅಲ್ಲಿ ಓದುತ್ತಿದ್ದವರು ಅಸ್ಪೃಶ್ಯರ ಮಕ್ಕಳು. ಪ್ರಾಂಶುಪಾಲರು ಕಿಂಗ್ ಅವರನ್ನು ಮಕ್ಕಳಿಗೆ ಪರಿಚಯಿಸುತ್ತಾ, ಇವರೂ ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯರು ಎಂದುಬಿಟ್ಟರು. ಕಿಂಗ್‌ಗೆ ಒಂದು ಕ್ಷಣ ಕೋಪ ಬಂತು. ನಾನು ಪ್ರಧಾನಿ ಮನೆಯಲ್ಲಿ ಊಟ ಮಾಡಿ ಬಂದವನು, ನನ್ನನ್ನು ಹೀಗೆ ಕರೆಯುವುದೇ? ಆಮೇಲೆ ತಮ್ಮ ದೇಶದ ಎರಡು ಕೋಟಿ ಕಪ್ಪು ಜನ ನೆನಪಾದರು. ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. ಇದನ್ನು ಅವರೇ 1965 ರಲ್ಲಿ ತಮ್ಮ ಚರ್ಚಿನಲ್ಲಿ ಹೇಳಿದ್ದು. ಹೊರಗಿನಿಂದ ಬಂದು ನಮ್ಮನ್ನು ನೋಡಿದವರು ಹೀಗೆ ನೋಡಿದರು. ನಾವು ಹೊರಗಿನಿಂದ ಅವರನ್ನು ನೋಡಿದಾಗ ಕಂಡದ್ದು ಹನುಮ ಮತ್ತು ವೀಸಾ. ಒಬಾಮಾ ಕೂಡ 2010 ರ ನವೆಂಬರ್‌ನಲ್ಲಿ ನಮ್ಮ ಸಂಸತ್ತಿನಲ್ಲಿ ಮಾತಾಡಿದಾಗ ಗಾಂಧಿ ಜೊತೆಗೆ ಅಂಬೇಡ್ಕರ್ ಹೆಸರನ್ನೂ ಎತ್ತಿದರು. ದಲಿತರೊಬ್ಬರು ಮೇಲೆದ್ದು ಸಂವಿಧಾನ ಬರೆದದ್ದನ್ನು ಹೇಳಿದರು. ಅವರಿಗೆ ಆ ನಂಟು ಗೊತ್ತಿತ್ತು.

ಈ ನಂಟಿಗೆ ಇನ್ನೊಂದು ಮುಖ ಇದೆ. ನಮ್ಮಲ್ಲಿ ಬಹಳ ಜನರ ಮಕ್ಕಳು, ಅಣ್ಣತಮ್ಮಂದಿರು ಅಮೆರಿಕದಲ್ಲಿದ್ದಾರೆ. ಇಷ್ಟು ಕನ್ನಡ ಕೂಟಗಳು, ಇಷ್ಟು ಯುಗಾದಿ ಊಟಗಳು ಅಲ್ಲಿಗೆ ಹೇಗೆ ಹೋದವು? 1946 ರಿಂದ ಭಾರತಕ್ಕೆ ಸಿಗುತ್ತಿದ್ದ ವಲಸೆಯ ಪಾಲು ವರ್ಷಕ್ಕೆ 100 ಜನ. ಇಡೀ ದೇಶಕ್ಕೆ! ಅದಕ್ಕೂ ಮುಂಚೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. 1923 ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಅಲ್ಲಿಯ ಸುಪ್ರೀಂ ಕೋರ್ಟ್, ನೀನು ಬಿಳಿಯ ಅಲ್ಲ, ಪೌರತ್ವ ಇಲ್ಲ ಎಂದಿತ್ತು. ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯ ಅನ್ನುವುದು ಅವರ ವಾದವಾಗಿತ್ತು ಅನ್ನುವುದನ್ನೂ ಸೇರಿಸಿಬಿಡುತ್ತೇನೆ. ಬಾಗಿಲು ನಿಜವಾಗಿ ತೆರೆದದ್ದು 1965 ರ ವಲಸೆ ಕಾಯ್ದೆಯಿಂದ. ಅದು ಬಂದದ್ದು ನಾಗರಿಕ ಹಕ್ಕುಗಳ ಚಳವಳಿಯ ಅಲೆಯಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟ ಕಪ್ಪು ಜನ ಸೇತುವೆ ಮೇಲೆ ಪೊಲೀಸರಿಂದ ತಲೆ ಒಡೆಸಿಕೊಂಡರು. ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಅಕ್ಟೋಬರ್‌ನಲ್ಲಿ ವಲಸೆ ಕಾಯ್ದೆ. ನಮ್ಮ ಎಂಜಿನಿಯರುಗಳು, ಡಾಕ್ಟರುಗಳು ವಿಮಾನ ಹತ್ತಿದ್ದು ಅದರ ನಂತರ. ಯಾರದೋ ರಕ್ತದಿಂದ ತೆರೆದ ಬಾಗಿಲಲ್ಲಿ ಒಳಹೋಗಿ, ಮನೆ ಕೊಳ್ಳುವಾಗ ಕಪ್ಪು ಜನ ಇರುವ ಬಡಾವಣೆ ಬೇಡ ಎನ್ನುವವರನ್ನು ನಾನು ಕಂಡಿದ್ದೇನೆ. ನೀವೂ ಕಂಡಿರುತ್ತೀರಿ.

ಈ ದೂರ ಇಟ್ಟುಕೊಳ್ಳುವ ಜಾಣತನ ಎಲ್ಲ ಸಲ ಕೆಲಸಕ್ಕೆ ಬರುವುದಿಲ್ಲ. 2015 ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ಒಬ್ಬ ಗುಜರಾತಿ ಅಜ್ಜ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಆಗಷ್ಟೇ ಭಾರತದಿಂದ ಬಂದವರು. ಇಂಗ್ಲಿಷ್ ಬರದು. ನೆರೆಯವರು ಪೊಲೀಸರಿಗೆ ಫೋನ್ ಮಾಡಿ, ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದರು. ಪೊಲೀಸನೊಬ್ಬ ಅವರನ್ನು ನೆಲಕ್ಕೆ ಕುಕ್ಕಿದ. ಕತ್ತಿನ ಮೂಳೆಗೆ ಪೆಟ್ಟಾಗಿ ಅವರ ಮೈಗೆ ಪಾರ್ಶ್ವವಾಯು ಹೊಡೆಯಿತು. ಆ ಫೋನ್ ಮಾಡಿದವರ ಕಣ್ಣಿಗೆ ಅವರು ಮಾದರಿ ವಲಸಿಗನೂ ಅಲ್ಲ, ಐ.ಟಿ. ಎಂಜಿನಿಯರನ ಅಪ್ಪನೂ ಅಲ್ಲ.

ಇದನ್ನು ಕೇಳಿ ನಮ್ಮಲ್ಲಿ ಸಿಟ್ಟು ಬಂತು. ಬರಬೇಕಾದದ್ದೇ. ಹೆಚ್ಚುಕಡಿಮೆ ಒಂದು ವರ್ಷದ ನಂತರ, 2016 ರ ಜನವರಿ 31, ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ. ಸುಡಾನ್ ದೇಶದ ಒಬ್ಬ ಕಾರು ಗುದ್ದಿಸಿ ಒಬ್ಬ ಮಹಿಳೆ ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಗೆಳೆಯರ ಜೊತೆ ಬಂದಳು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇಲ್ಲ. ದೇಶವೂ ಬೇರೆ. ಗುಂಪು ಅವರನ್ನು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಾಕಿತು. ಇದು ಜನಾಂಗೀಯ ಹಲ್ಲೆ ಅಲ್ಲ ಎಂದು ರಾಜ್ಯದ ಗೃಹ ಸಚಿವರು ಹೇಳಿಕೆ ಕೊಟ್ಟರು. ಅಲಬಾಮಾದ ಪೊಲೀಸರೂ ಇಂಥದ್ದೇ ಹೇಳಿದ್ದರೆ ನಾವು ಒಪ್ಪುತ್ತಿದ್ದೆವಾ?

ಆಫ್ರಿಕದ ಮೂಲ ಅಂದರೆ ನಮಗೆ ದೂರದ್ದೂ ಅಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನ ಸಿದ್ದಿ ಜನರ ಹಿರಿಯರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಪೂರ್ವ ಆಫ್ರಿಕದಿಂದ ತಂದಿದ್ದರು. ನೂರಾರು ವರ್ಷಗಳಿಂದ ಅವರು ಕನ್ನಡಿಗರು, ಕೊಂಕಣಿಗರು. ಈಗಲೂ ಸಿದ್ದಿ ಹುಡುಗರು ಬೆಂಗಳೂರಿಗೆ ಬಂದರೆ ಜನ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ವಿಧಾನ ಪರಿಷತ್ತಿಗೆ ಮೊದಲ ಸಲ ಒಬ್ಬ ಸಿದ್ದಿ, ಶಾಂತಾರಾಮ ಸಿದ್ದಿಯವರು, ಬಂದದ್ದು 2020 ರಲ್ಲಿ. ಅದೂ ನಾಮಕರಣದಿಂದ.

ಮತ್ತೆ ಅಮೆರಿಕಕ್ಕೆ. ಗೆದ್ದ ಮೇಲೆ ಏನಾಯಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ನಿಮಗೆ ಗೊತ್ತಿರುವ ಕತೆ. ಜನಾಂಗದ ಸಮಸ್ಯೆ ಮುಗಿದ ಅಮೆರಿಕ ಎಂಬ ಮಾತು ಕೆಲವು ತಿಂಗಳು ಓಡಾಡಿತು. 2009 ರ ಜುಲೈನಲ್ಲೇ ಹಾರ್ವರ್ಡ್‌ನ ಕಪ್ಪು ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ ಅವರನ್ನು ಅವರ ಸ್ವಂತ ಮನೆಯ ಬಾಗಿಲಲ್ಲೇ ಪೊಲೀಸರು ಹಿಡಿದರು. ಒಬಾಮಾ ಅದನ್ನು ಟೀಕಿಸಿದ್ದೇ ತಡ, ಗಲಾಟೆ ಎದ್ದು, ಕೊನೆಗೆ ಅವರೇ ಆ ಪ್ರೊಫೆಸರನ್ನೂ ಹಿಡಿದ ಪೊಲೀಸನ್ನೂ ಕರೆದು ಬಿಯರ್ ಕುಡಿಸಿ ರಾಜಿ ಮಾಡಿಸಬೇಕಾಯಿತು. 2011 ರಲ್ಲಿ ತಾವು ಅಮೆರಿಕದಲ್ಲೇ ಹುಟ್ಟಿದವರು ಎಂದು ಒಬಾಮಾ ಜನನ ಪ್ರಮಾಣಪತ್ರ ತೋರಿಸಬೇಕಾಯಿತು. 2013 ರಲ್ಲಿ ಸುಪ್ರೀಂ ಕೋರ್ಟ್ ಮತದಾನ ಹಕ್ಕಿನ ಕಾಯ್ದೆಯ ಮುಖ್ಯ ಭಾಗದ ಹಲ್ಲು ಕಿತ್ತಿತು. 2015 ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರನ್ನು ಕೊಂದರು. ಆಮೇಲೆ ಆ ಊರಿರುವ ಸೌತ್ ಕ್ಯಾರೊಲಿನಾ ರಾಜ್ಯದ ಶಾಸನಸಭೆಯ ಆವರಣದಿಂದ ಗುಲಾಮಗಿರಿ ಕಾಲದ ಸೇನೆಯ ಬಾವುಟ ಇಳಿಸಲು ಸಹಿ ಹಾಕಿದ ಗವರ್ನರ್ ಪಂಜಾಬಿ ಮೂಲದ ನಿಕ್ಕಿ ಹೇಲಿ. 2016 ರ ಚುನಾವಣೆ ಬಗ್ಗೆ ಹೇಳುವ ಅಗತ್ಯ ಇಲ್ಲ.

ನಮ್ಮ ಸಡಗರ ಮಾತ್ರ ನಿಲ್ಲಲಿಲ್ಲ. 2020 ರಲ್ಲಿ ಕಮಲಾ ಹ್ಯಾರಿಸ್ ಉಪಾಧ್ಯಕ್ಷೆ ಆದಾಗ ಅವರ ಅಮ್ಮನ ಕಡೆಯ ಅಜ್ಜನ ಊರು, ತಮಿಳುನಾಡಿನ ತುಳಸೇಂದ್ರಪುರದಲ್ಲಿ ರಂಗೋಲಿ, ಪಟಾಕಿ. ಅವರ ಅಮ್ಮ ಶ್ಯಾಮಲಾ 19 ನೇ ವಯಸ್ಸಿಗೆ ಒಬ್ಬರೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ, ಕಪ್ಪು ಜನರ ಹೋರಾಟದಲ್ಲಿ ಸೇರಿ, ಜಮೈಕಾದ ಕಪ್ಪು ವಿದ್ಯಾರ್ಥಿಯನ್ನು ಮದುವೆಯಾದವರು. 1963 ರಲ್ಲಿ ನಮ್ಮ ಯಾವ ಊರಿನ ಅಗ್ರಹಾರ ಆ ಮದುವೆಗೆ ಪಟಾಕಿ ಹೊಡೆಯುತ್ತಿತ್ತು ಹೇಳಿ. 2022 ರಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿ ಆದಾಗ ಬೆಂಗಳೂರಿಗೆ ಅವರು ಜಯನಗರದ ಅಳಿಯ. 2024 ರಲ್ಲಂತೂ ತಮಾಷೆಯೇ ಆಯಿತು. ತುಳಸೇಂದ್ರಪುರದಲ್ಲಿ ಕಮಲಾ ಗೆಲ್ಲಲಿ ಎಂದು ಪೂಜೆ. ಆಂಧ್ರದ ವಡ್ಲೂರಿನಲ್ಲಿ ಟ್ರಂಪ್ ಜೋಡಿ ಗೆಲ್ಲಲಿ ಎಂದು ಪೂಜೆ, ಯಾಕಂದರೆ ಉಪಾಧ್ಯಕ್ಷ ಅಭ್ಯರ್ಥಿ ವ್ಯಾನ್ಸ್ ಅವರ ಹೆಂಡತಿ ಉಷಾ ಅವರ ಮೂಲ ಅಲ್ಲಿ. ನೀತಿ ಏನು, ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನುವ ಮಾತೇ ಇಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಇಷ್ಟೆಲ್ಲ ಆದ ಮೇಲೆ ಒಬಾಮಾರಿಂದ ಅಲ್ಲಿಯ ಕಪ್ಪು ಜನರಿಗೆ ಸಿಕ್ಕಿದ್ದು ಏನು ಅಂತ. ಒಳ್ಳೆಯ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಆರೋಗ್ಯ ವಿಮೆಯ ಕಾಯ್ದೆ ಎಲ್ಲರಿಗೂ ಗೊತ್ತು. ನಾನು ಕಡಿಮೆ ಜನಕ್ಕೆ ಗೊತ್ತಿರುವ ಒಂದನ್ನು ಹೇಳಿದೆ. 1986 ರ ಒಂದು ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್ ಕೊಕೇನ್ ಮಾರುವ ಕೇಸಿನಲ್ಲಿ ಸಿಕ್ಕಿಬಿದ್ದವನಿಗೆ ಕನಿಷ್ಠ ಐದು ವರ್ಷ ಜೈಲು. ಪುಡಿ ಕೊಕೇನ್ ಆದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಬೇಕಿತ್ತು. ಒಂದೇ ಮಾದಕ ವಸ್ತು, ಎರಡು ರೂಪ, ಅಷ್ಟೇ ಶಿಕ್ಷೆಗೆ ಬೇಕಾದ ತೂಕದಲ್ಲಿ ನೂರು ಪಟ್ಟು ವ್ಯತ್ಯಾಸ. ಕ್ರ್ಯಾಕ್ ಕೇಸಿನಲ್ಲಿ ಫೆಡರಲ್ ಜೈಲು ಸೇರಿದವರಲ್ಲಿ ಬಹುಪಾಲು ಕಪ್ಪು ಜನ. ಇದನ್ನು ಸರಿಮಾಡಲು ಬಂದ ಮಸೂದೆ ಮೊದಲು ಎರಡಕ್ಕೂ ಸಮಾನ ಶಿಕ್ಷೆ ಕೇಳಿತ್ತು. ಸೆನೆಟ್‌ನ ಚೌಕಾಸಿಯಲ್ಲಿ ನೂರು ಪಟ್ಟು ಇದ್ದದ್ದು ಹದಿನೆಂಟು ಪಟ್ಟಿಗೆ ಇಳಿದು ನಿಂತಿತು. ಒಬಾಮಾ ಅದಕ್ಕೆ 2010 ರ ಆಗಸ್ಟ್ 3 ರಂದು ಸಹಿ ಹಾಕಿದರು. ಹತ್ತು ದಿನದ ನಂತರ, ಆಗಸ್ಟ್ 13 ಕ್ಕೆ, ನಮ್ಮ ಐ.ಟಿ. ಕಂಪನಿಗಳಿಗೆ ವೀಸಾ ಶುಲ್ಕ 2,000 ಡಾಲರ್ ಹೆಚ್ಚಿಸುವ ಕಾನೂನಿಗೂ ಸಹಿ ಬಿತ್ತು. ಆ ತಿಂಗಳು ಬೆಂಗಳೂರಿನಲ್ಲಿ ಯಾವ ಸಹಿಯ ಬಗ್ಗೆ ಮಾತು ನಡೆಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟ್ 3 ರ ಆ ಕಾನೂನು ಅದಕ್ಕೂ ಮುಂಚೆ ಶಿಕ್ಷೆಯಾಗಿದ್ದವರಿಗೆ ಅನ್ವಯಿಸಲಿಲ್ಲ. ಅವರು ಹಳೆಯ ಲೆಕ್ಕದಲ್ಲೇ ಜೈಲಿನಲ್ಲಿ ಉಳಿದರು. ಅವರಿಗೂ ಶಿಕ್ಷೆ ತಗ್ಗಿಸಲು ದಾರಿ ಮಾಡಿದ ಕಾನೂನು ಬಂದದ್ದು 2018 ರ ಡಿಸೆಂಬರ್‌ನಲ್ಲಿ. ಅದಕ್ಕೆ ಸಹಿ ಹಾಕಿದ ಅಧ್ಯಕ್ಷರು ಡೊನಾಲ್ಡ್ ಟ್ರಂಪ್.